ಲಂಡನ್ ಪ್ರವಾಸಕ್ಕೊಂದು ಸಿದ್ಧತೆ

ಕಾಕನಕೋಟೆಯ ಕಾಡಂಚಿನಲ್ಲಿ ವಾಸಿಸುವ ನಾವು ಪ್ರವಾಸಿಗರನ್ನು ಬಹುಕಾಲದಿಂದ ನೋಡುತ್ತ ಬಂದವರು. ಒಂದೇ ಸಫಾರಿಯಲ್ಲಿ ಹುಲಿ ಕಾಣಲಿಲ್ಲವೆಂದು ಮುಖ ಬಾಡಿಸಿಕೊಂಡು ಹಿಂದಿರುಗುವವರೇ ಹೆಚ್ಚು. 1971ರಲ್ಲಿ ಕೊನೆಯ ಖೆಡ್ಡಾ ನಡೆದದ್ದು ಈ ಸೀಮೆಯಲ್ಲಿಯೇ ಎಂಬುದನ್ನು ಕೇಳಿ ತಿಳಿಯುವ ವ್ಯವಧಾನವುಳ್ಳವರು ವಿರಳ.

ಲಂಡನ್ನಿನಲ್ಲಿರುವ ಮಗಳು ಈಗ ನಮ್ಮ ದಂಪತಿಗಳನ್ನು ಕರೆಸಿಕೊಳ್ಳುತ್ತಿದ್ದಾಳೆ. ಆಕೆ ಕಳುಹಿಸಿದ ಪಟ್ಟಿಯಲ್ಲಿ 5 ದಿನಗಳಿಗೆ 20 ಸ್ಥಳಗಳಿದ್ದವು. ನಾವೂ ಆ ಸಫಾರಿಯವರಂತಾಗಬಾರದೆಂದು, ದಿನಕ್ಕೆ ಎರಡೇ, ಅದೂ ಮಧ್ಯಾಹ್ನದೊಳಗೆ ಎಂದು ನಿಶ್ಚಯಿಸಿದೆವು.

ಹೊರಡುವುದು ಜೂನ್ ತಿಂಗಳಲ್ಲಿ. ಅಲ್ಲಿ ಆಗ ರಾತ್ರಿ 9ರವರೆಗೂ ಬೆಳಕಿರುತ್ತದೆ. ಬ್ರಿಟಿಷ್ ಮ್ಯೂಸಿಯಂನ ಕಾಯಂ ಸಂಗ್ರಹಕ್ಕೆ ಪ್ರವೇಶಶುಲ್ಕವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪು ಸುಲ್ತಾನನ ಮರದ ಹುಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನ ಸ್ವತ್ತು. ಅದು ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಪಾರ್ಲಿಮೆಂಟ್ ಭವನವನ್ನು ಹೊರಗಿನಿಂದ ನೋಡಿ, ಥೇಮ್ಸ್ ನದಿಯ ಲ್ಯಾಂಬೆತ್ ಸೇತುವೆಯನ್ನು ದಾಟಿದರೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದಾದ ದೂರವದು.

ಮಧ್ಯಾಹ್ನಗಳನ್ನು ಬೇಕೆಂದೇ ಬರಿದಾಗಿ ಬಿಟ್ಟಿದ್ದೇವೆ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗನಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ನಾಲಗೆಗೆ ಬಾರದು. ದೂರವಾಣಿಯಲ್ಲಿ ಅದನ್ನು ತಿದ್ದಲಾಗದು. ಜೊತೆಯಲ್ಲಿ ಕುಳಿತು ಉಣ್ಣುತ್ತ, ಆನೆಯ ಕಥೆ ಹೇಳುತ್ತ ಆಗಬೇಕಾದ ಕೆಲಸವದು. ಬಸವಣ್ಣನವರ ಪ್ರತಿಮೆಯ ಮುಂದೆ ನಿಂತು ಅವನು ‘ತಾತ, ಇವರು ಯಾರು?’ ಎಂದು ಕೇಳಿದರೆ ಸಾಕು, ಪಟ್ಟಿಯಲ್ಲಿ ಉಳಿದ ಸ್ಥಳಗಳ ಚಿಂತೆ ನಮಗಿಲ್ಲ.