ಇಂಕು ಕುಡಿಯದ ಹಾಳೆ

ನಮ್ಮಪ್ಪನಿಗೆ ಎರಡು ವರ್ಷದಿಂದ ಕಿವಿ ಮಂದ. ಫೋನಲ್ಲಿ ನಾನೊಂದು ಕೇಳಿದರೆ ಅವರೊಂದು ಹೇಳ್ತಾರೆ. ಹಾಗಾಗಿ ಊರಿಗೆ ತಿಂಗಳಿಗೆರಡು ಕಾಗದ ಬರೆಯುತ್ತೇನೆ. ಬಾಲ್‌ಪೆನ್ನಿನ ತೆಳು ಗೆರೆ ಅವರ ಕಣ್ಣಿಗೆ ಹತ್ತಲ್ಲ. ಫೌಂಟನ್ ಪೆನ್ನು, ದಪ್ಪ ನಿಬ್ಬು, ಕಪ್ಪು ಇಂಕೇ ಆಗಬೇಕು.

ಆದರೆ ಎಂಥ ಹಾಳೆ? ಆಫೀಸಿನ ಪ್ರಿಂಟರ್ ಹಾಳೆ ಟೋನರ್ ಪುಡಿಗೆಂದು ಮಾಡಿದ್ದು. ಪುಡಿ ಬಿಸಿಗೆ ಕರಗಿ ಮೇಲೇ ಅಂಟಿಕೊಳ್ಳುತ್ತೆ. ನೀರಿನಂಥ ಇಂಕು ನಾರುಗಳ ಸಂದಿಯಲ್ಲಿ ಹರಿದುಬಿಡುತ್ತೆ. ಕನ್ನಡಕ್ಕಂತೂ ಇದು ಫಜೀತಿ. ರ, ಠ ನಡುವೆ ಇರೋದು ಒಂದೇ ಚುಕ್ಕಿ. ದ, ಧ ನಡುವೆ ಹೊಟ್ಟೆಯ ಸಣ್ಣ ಸೀಳು. ಇಂಕು ಹರಡಿದರೆ ಎರಡೂ ಮುಚ್ಚಿಹೋಗುತ್ತವೆ. ಅಕ್ಷರವನ್ನಾದರೂ ಅಪ್ಪ ಊಹಿಸಿಕೊಳ್ತಾರೆ, ಅಂಕಿಯನ್ನು ಹೇಗೆ ಊಹಿಸೋದು? ಬಿ.ಪಿ. ಮಾತ್ರೆ 6 ಗಂಟೆಗೋ 8ಕ್ಕೋ?

ನಾನಿರೋ ಚಾಮರಾಜಪೇಟೆಯಿಂದ ಮಾರ್ಕೆಟ್ ದಾಟಿ ನಡೆದರೆ ಸುಲ್ತಾನ್‌ಪೇಟೆ. ಮದುವೆ ಕಾರ್ಡು, ರೀಮುಗಟ್ಟಲೆ ಪೇಪರು, ಗೂಡ್ಸ್ ಆಟೋಗಳ ಗದ್ದಲ. ಅಂಗಡಿಯವರ ಮೊದಲ ಪ್ರಶ್ನೆ, “ಎಷ್ಟು ಜಿಎಸ್ಎಂ ಕೊಡ್ಲಿ ಸರ್?” ಅದು ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ತೂಕ ನೋಡಿ ಮರುಳಾಗಬೇಡಿ, ಬ್ಲಾಟಿಂಗ್ ಪೇಪರೂ ದಪ್ಪವೇ! ನೋಡಬೇಕಾದ್ದು ಹಾಳೆಗೆ ಹಾಕಿರೋ ಗಂಜಿ. ಕಾಟನ್ ಸೀರೆಗೆ ಹಾಕ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಗಂಜಿ ಚೆನ್ನಾಗಿ ಹಿಡಿದಿದ್ದರೆ ಇಂಕು ಒಳಗಿಳಿಯದೆ ಮೇಲೇ ಒಣಗುತ್ತೆ. ಲೆಕ್ಕದ ಪುಸ್ತಕಕ್ಕೆ ಬಳಸೋ ಲೆಡ್ಜರ್ ಪೇಪರ್ ಈ ಜಾತಿಯದು. ದುಬಾರಿ ವಿದೇಶಿ ನೋಟ್‌ಬುಕ್ಕಿಗಿಂತ ನನಗೆ ಅದೇ ಹಿಡಿಸಿತು.

ರೀಮು ಕೊಳ್ಳೋಕೆ ಮುಂಚೆ ಬಿಡಿಹಾಳೆ ಕೇಳಿ. ನಿಮ್ಮದೇ ಪೆನ್ನಲ್ಲಿ ಠ, ಧ, 6, 8, ಒಂದು ‘ಸ್ತ್ರೀ’ ಬರೆದು, ಹಾಳೆ ಮಗುಚಿ ನೋಡಿ. ಹಿಂಬದಿಗೆ ಇಂಕು ಮೂಡಿದ್ದರೆ ಅಲ್ಲೇ ಬಿಡಿ. ನನಗಂತೂ ಹಿಂಬದಿ ಬೇಕೇ ಬೇಕು, ಯಾಕಂದ್ರೆ ಅಪ್ಪ ಹಾಳೆ ದಂಡ ಮಾಡೋರಲ್ಲ. ನನ್ನ ಕಾಗದದ ಬೆನ್ನಿಗೇ ತೆಂಗಿನ ರೇಟು, ಕರೆಂಟಿನ ಕಥೆ ಬರೆದು ವಾಪಸ್ ಕಳಿಸ್ತಾರೆ.

ಗಂಜಿ ಜಾಸ್ತಿಯಾದರೆ ಒಣಗೋದು ನಿಧಾನ, ಅಂಗೈ ತಾಗಿದರೆ ಬಳಿದುಕೊಳ್ಳುತ್ತೆ. ಸ್ಕೂಲಲ್ಲಿ ಸೀಮೆಸುಣ್ಣ ಒತ್ತಿ ಇಂಕು ಹೀರಿಸ್ತಿದ್ದೆವು; ಈಗಲೂ ಮೇಜಿನ ಮೇಲೊಂದು ತುಂಡು ಇಟ್ಟಿದ್ದೀನಿ.

ತೂಕದ ಲೆಕ್ಕ ಬೇಕಾಗೋದು ಪೋಸ್ಟಾಫೀಸಲ್ಲಿ. 100 ಜಿಎಸ್ಎಂನ ಒಂದು ಎ4 ಹಾಳೆ ಸುಮಾರು 6.25 ಗ್ರಾಂ. ಮೂರು ಹಾಳೆಗೆ ಕವರು ಸೇರಿದರೆ 20 ಗ್ರಾಂ ದಾಟಿತು, ಸ್ಟಾಂಪು ಹೆಚ್ಚು ಬೇಕು. ಸದ್ಯಕ್ಕೆ ಎರಡೇ ಹಾಳೆಯಲ್ಲಿ ಮುಗಿಸ್ತಿದ್ದೀನಿ, ಸುದ್ದಿ ತುಂಬ ಇದ್ದಾಗ ಮಾತ್ರ ಮೂರು.