ದನ ಬಿಡುವ ಕಾಲ

ಮಲೆನಾಡಿನ ನಮ್ಮ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಊರಿನದು. ಪಹಣಿಯಲ್ಲಿ ಹೆಸರು ಯಾರದೇ ಇರಲಿ, ಮತ್ತೆ ಮಳೆ ಹಿಡಿಯುವವರೆಗೆ ಯಾರ ದನ ಯಾರ ಗದ್ದೆಯ ಕೂಳೆಯನ್ನಾದರೂ ಮೇಯಬಹುದು. ಬೇಲಿಯ ದಣಪೆ ಸರಿಸಿಟ್ಟುಬಿಡುತ್ತಾರೆ. ದನಕ್ಕೆ ಮೇವು, ಗದ್ದೆಗೆ ಸಗಣಿ. ಊರಲ್ಲೇ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಪ್ಪನ ಗದ್ದೆಯಲ್ಲಿ ಬೇಸಿಗೆ ತರಕಾರಿ ಹಾಕಿದಾಗ ಯಾರನ್ನೂ ಒಂದು ಮಾತು ಕೇಳಲಿಲ್ಲ.

ಪಕ್ಕದ ಗೌಡರ ದನ ಬಂದವು. ಎಲ್ಲ ಮಲೆನಾಡು ಗಿಡ್ಡ. ಅದು ಕಟ್ಟಿಹಾಕಿ ಸಾಕುವ ತಳಿಯಲ್ಲ. ಬೆಳಿಗ್ಗೆ ಬಿಟ್ಟರೆ ಗುಡ್ಡ, ಬ್ಯಾಣ ಸುತ್ತಿ ಸಂಜೆಗೆ ತಾನೇ ಕೊಟ್ಟಿಗೆ ಸೇರುತ್ತದೆ. ಅಲಸಂದೆ, ಸೌತೆಬಳ್ಳಿ ಒಂದೇ ಮಧ್ಯಾಹ್ನಕ್ಕೆ ಮುಗಿದವು.

ಗೌಡರ ಜಗಲಿಯಲ್ಲಿ ಕೂತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕಾನೂನು ಹುಡುಕಿದೆ. ಬೆಳೆ ಹಾಳುಮಾಡುವ ದನವನ್ನು ಹಿಡಿದು ದೊಡ್ಡಿಗೆ ಹೊಡೆಯಲು 1966ರ ಕಾಯ್ದೆ ರೈತನಿಗೆ ಹಕ್ಕು ಕೊಡುತ್ತದೆ; ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ನಮ್ಮೂರ ದೊಡ್ಡಿಯ ಗೋಡೆ ಯಾವತ್ತೋ ಬಿದ್ದಿತ್ತು. ಅದಾಗದೆ, ಗದ್ದೆಯ ಗಡಿ ಅಳೆದು ಗುರುತಿಸಿಕೊಡಿ ಎಂದು ಹದ್ದುಬಸ್ತಿಗೆ ಅರ್ಜಿ ಹಾಕಿದೆ. ದನದ ಸಿಟ್ಟನ್ನು ಜಾಗದ ಮೇಲೆ ತೀರಿಸಿಕೊಳ್ಳಲು ಹೊರಟಿದ್ದೆ ಎಂದು ಈಗ ಹೇಳಬಲ್ಲೆ.

ಅಕ್ಕಪಕ್ಕದವರಿಗೆ ನೋಟಿಸು ಹೋಯಿತು. ಸರ್ವೆಯವರು ಬಂದು ಬಾಂದುಕಲ್ಲು ಹುಡುಕಿ, 33 ಅಡಿಯ ಸರಪಳಿ ಎಳೆದು ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ನನಗೆ ದಕ್ಕಿದ್ದು ಅಷ್ಟೂ ಇಲ್ಲ. ಆದರೆ ಹದ್ದು ಬೇಲಿಯಿಂದಾಚೆ, ಗೌಡರ ಕಡೆಗಿತ್ತು. ಗೆದ್ದೆ ಅಂದುಕೊಂಡೆ. ಹಳೇ ಬೇಲಿ ಕೀಳಿಸಿ, ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆ. ದಣಪೆ ಇಡಲಿಲ್ಲ. ಅವರ ದನ ಹಳ್ಳಕ್ಕೆ ನೀರಿಗೆ ಹೋಗುತ್ತಿದ್ದದ್ದು ಅದೇ ದಣಪೆಯಲ್ಲಿ. ಗಬ್ಬದ ಹಸುವೊಂದು ತಂತಿ ದಾಟಲು ಹೋಗಿ ಕೆಚ್ಚಲು ಹರಿದುಕೊಂಡಿತು.

ಗೌಡರು ಬೈಯಲಿಲ್ಲ. "ತಮ್ಮಾ, ಜಾಗ ನಿಂದೇ ಇರ್ಬಹುದು. ತರಕಾರಿ ಹಾಕ್ತೀನಿ ಅಂತ ಒಂದು ಮಾತು ಹೇಳಿದ್ರೆ ದನ ಆಚೆ ಬದಿಗೆ ಹೊಡೀತಿದ್ವಲ್ಲ" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ನೆಲ ಯಾರದು ಎಂಬುದನ್ನು ಸರ್ವೆ ಹೇಳಿತ್ತು. ದನಕ್ಕೆ ನೀರಿನ ದಾರಿ ಯಾವುದು, ಯಾವ ತಿಂಗಳು ಯಾವ ಗದ್ದೆ ಬಿಡಬೇಕು ಎಂಬುದನ್ನು ಹೇಳಬಲ್ಲವರು ಗೌಡರು ಮಾತ್ರ. ಅವರ ಜೊತೆಗೇ ಮಾತು ಕೆಡಿಸಿಕೊಂಡಿದ್ದೆ.

ತಪ್ಪಾಯಿತು ಎಂದು ಹೇಳಲು ಧೈರ್ಯ ಬರುವಷ್ಟರಲ್ಲಿ ತಡವಾಗಿತ್ತು. ಸುತ್ತು ಹಾಕಿ ಹಳ್ಳಕ್ಕೆ ದನ ಹೊಡೆಯಲು ಆ ವಯಸ್ಸಿಗೆ ಆಗದೆ ಅವರು ಒಂದೆರಡನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲ ಮಾರಿದ್ದರು. ಸಗಣಿ ಬೀಳದ ಗದ್ದೆಗೆ ನಾನೀಗ ಗೊಬ್ಬರ ಲೋಡುಗಟ್ಟಲೆ ಕೊಳ್ಳುತ್ತೇನೆ. ತಂತಿ ಕತ್ತರಿಸಿ ದಣಪೆ ಹಾಕಿಸಿದ್ದೇನೆ, ತರಕಾರಿಯನ್ನು ಹಿತ್ತಲಿಗೆ ತಂದಿದ್ದೇನೆ. ಕೊಯ್ಲಿಗೆ ಮುಂಚೆ ಗೌಡರ ಮನೆಗೆ ಹೋಗಿ, ದನ ಯಾವತ್ತು ಬಿಡುತ್ತೀರಿ ಎಂದು ಕೇಳಿಕೊಂಡು ಬರುತ್ತೇನೆ.