ಯಾವ ಬಾವಿ?

ಇಂಗ್ಲಿಷ್ ಅಂದರೆ ನಮಗೆ ಮೊದಲು ನೆನಪಾಗುವುದು ಖಾಲಿ ಜಾಗ. ಬಿಟ್ಟ ಸ್ಥಳ ತುಂಬಿರಿ. ಎ, ಆನ್, ದಿ ಎಂಬ ಮೂರು ಪುಟ್ಟ ಪದಗಳು ಹೈಸ್ಕೂಲಿನಿಂದ ಬಿ.ಎ.ವರೆಗೂ ನಮ್ಮನ್ನು ಅಟ್ಟಿಸಿಕೊಂಡು ಬಂದವು. ಮನೆಯಲ್ಲಿ ಕೇಳೋಣವೆಂದರೆ ಅಬ್ಬಿ ಹೆಬ್ಬೆಟ್ಟು, ಅಪ್ಪಯ್ಯ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಬಾಯಿಪಾಠ ಮಾಡಿದೆವು, ಪಾಸಾದೆವು. ಅರ್ಥವಾದದ್ದು ಆಮೇಲೆ, ನಾವೇ ಹೇಳಿಕೊಡಲು ಕೂತಾಗ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಿಂದ ಒಳಗೆ ನಮ್ಮ ಕಾಲನಿ. ಸಂಜೆ ಅಂಗನವಾಡಿ ಜಗುಲಿಯಲ್ಲಿ ನಾವು ಮೂರ್ನಾಲ್ಕು ಮಂದಿ ಮಕ್ಕಳಿಗೆ ಪಾಠ ಮಾಡುತ್ತೇವೆ. ಹೋದ ಮಳೆಗಾಲದಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಟೆಸ್ಟ್ ಪೇಪರು ತಂದಳು. ಸರಿಯಾದ ಡಿಟರ್ಮಿನರ್ ತುಂಬಿರಿ ಎಂದು ಪ್ರಶ್ನೆ. 'ದೇರ್ ಈಸ್ — ವೆಲ್ ಇನ್ ಅವರ್ ವಿಲೇಜ್. — ವೆಲ್ ಈಸ್ ನಿಯರ್ ದಿ ಟೆಂಪಲ್.' ಮೊದಲಿಗೆ 'ಎ', ಎರಡನೆಯದಕ್ಕೆ 'ದಿ' ಬರಬೇಕಿತ್ತು. ಹುಡುಗಿ ಬರೆದದ್ದು 'ನೋ'. ಎರಡನೆಯದಕ್ಕೆ 'ಅವರ' ಎಂಬರ್ಥದ 'ದೇರ್'. ನಮ್ಮೂರಲ್ಲಿ ಬಾವಿ ಇಲ್ಲ; ಅವರ ಬಾವಿ ದೇವಸ್ಥಾನದ ಹತ್ತಿರ ಇದೆ. ಎರಡಕ್ಕೂ ಕೆಂಪು ಗೀಟು.

ನಾವು ಹಳೆಯ ಗ್ರಾಮರ್ ಪುಸ್ತಕ ತೆಗೆದು ನೋಡಿದೆವು. ನಾಮಪದದ ಮುಂದೆ ನಿಂತು ಯಾವುದು, ಯಾರದು, ಎಷ್ಟು ಎಂದು ಗೊತ್ತುಮಾಡುವ ಪದವೆಲ್ಲ ಡಿಟರ್ಮಿನರೇ. ಎ, ಆನ್, ದಿ ಮಾತ್ರವಲ್ಲ. ದಿಸ್, ದಟ್, ಮೈ, ಅವರ್, ದೇರ್, ಸಮ್, ಎನಿ, ಎವ್ರಿ, ನೋ ಕೂಡ. ಹುಡುಗಿಯ ವ್ಯಾಕರಣದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

ನಮ್ಮ ಮಕ್ಕಳಿಗೆ 'ದಿ' ಕಷ್ಟವಾಗುವುದಕ್ಕೆ ಕಾರಣ ದಡ್ಡತನ ಅಲ್ಲ ಮಾರಾಯ್ರೆ, ಕನ್ನಡದಲ್ಲಿ ಆ ಪದವೇ ಇಲ್ಲ. ಬಾವಿ ನೋಡಿದೆ ಎಂದರೆ ಯಾವುದೋ ಒಂದು. ಬಾವಿಯನ್ನು ನೋಡಿದೆ ಎಂದರೆ ಕೇಳುವವನಿಗೂ ಗೊತ್ತಿರುವ ಬಾವಿ. ಇಂಗ್ಲಿಷಿನವರು ಮುಂದೆ ಇಡುವುದನ್ನು ನಾವು ಎಷ್ಟೋ ಸಲ ಪದದ ಬಾಲದಲ್ಲಿ ಕಟ್ಟುತ್ತೇವೆ. ಮೊದಲ ಸಲ ಹೇಳುವಾಗ 'ಎ', ಎರಡನೇ ಸಲಕ್ಕೆ 'ದಿ' ಎಂದು ಮೇಷ್ಟ್ರುಗಳು ಕಲಿಸುವ ಸೂತ್ರ ಅರ್ಧ ಸತ್ಯ. ಆ ಪ್ರಶ್ನೆಯನ್ನೇ ನೋಡಿ. ದೇವಸ್ಥಾನದ ಮಾತು ಮೊದಲು ಎಲ್ಲೂ ಬಂದಿಲ್ಲ, ಆದರೂ 'ದಿ ಟೆಂಪಲ್'. ಊರೆಂದ ಮೇಲೆ ಯಾವ ದೇವಸ್ಥಾನ ಎಂದು ಎಲ್ಲರಿಗೂ ಗೊತ್ತು ಎಂಬ ಲೆಕ್ಕ. ಆ ಎಲ್ಲರಲ್ಲಿ ಯಾರ್ಯಾರಿದ್ದಾರೆ ಎಂದು ವ್ಯಾಕರಣ ಕೇಳುವುದಿಲ್ಲ. ನಾವು ಚಿಕ್ಕವರಿದ್ದಾಗ ಏಪ್ರಿಲ್ ತಿಂಗಳಲ್ಲಿ ಅಬ್ಬಿ "ಬಾವಿಗ್ ಹೋಯ್ ಬತ್ತೆ" ಎನ್ನುತ್ತಿದ್ದಳು. ಯಾವ ಬಾವಿ ಎಂದು ನಾವ್ಯಾರೂ ಕೇಳಲಿಲ್ಲ. ಒಡೆಯರ ಮನೆಯದು. ಕಟ್ಟೆಯಿಂದ ದೂರ ಕೊಡಪಾನ ಇಟ್ಟು, ಯಾರಾದರೂ ಸೇದಿ ಹೊಯ್ಯುವ ತನಕ ಕಾಯುತ್ತಿದ್ದ ಬಾವಿ. ನಮ್ಮ ಮನೆಯ 'ದಿ ವೆಲ್' ಅದು.

ಇನ್ನು 'ಅವರ್ ವಿಲೇಜ್'. ಇಂಗ್ಲಿಷಿನ 'ನಮ್ಮ' ನಮ್ಮ ಕಿವಿಗೆ 'ಅವರ' ಎಂದೇ ಕೇಳುತ್ತದೆ! ತಮಾಷೆಗೆ ಹೇಳಿದ್ದಲ್ಲ. ಬ್ರಹ್ಮಾವರ ದಾಟಿ ಉಡುಪಿ ಕಡೆ ಹೋದರೆ ತುಳು ಸಿಗುತ್ತದೆ. ತುಳುವಿನಲ್ಲಿ 'ನಾವು' ಎರಡಿದೆ. ಕೇಳುವವನನ್ನೂ ಸೇರಿಸಿಕೊಂಡರೆ 'ನಮ', ಅವನನ್ನು ಹೊರಗಿಟ್ಟರೆ 'ಎಂಕುಲು'. ನಮ್ಮ ಕುಂದಾಪ್ರ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ. ಹಾಗಾಗಿ ವೇದಿಕೆಯಲ್ಲಿ ನಿಂತವರು ನಮ್ಮ ಊರು, ನಮ್ಮ ಜಾತ್ರೆ, ನಮ್ಮ ಸಂಸ್ಕೃತಿ ಎಂದಾಗ ನಾವು ಆ 'ನಮ್ಮ'ದ ಒಳಗೋ ಹೊರಗೋ ತಿಳಿಯುವುದಿಲ್ಲ. ಊಟಕ್ಕೆ ಪಂಕ್ತಿ ಹಾಕಿದಾಗ ತಿಳಿಯುತ್ತದೆ.

ಕಾಲೇಜಿನ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ನಾವು 'ಎ ಎಸ್.ಸಿ. ಸ್ಟೂಡೆಂಟ್' ಎಂದು ಬರೆದಿದ್ದೆವು. ಗುಮಾಸ್ತರು ಎಲ್ಲರೆದುರು ನಕ್ಕರು, 'ಆನ್' ಬರಬೇಕಂತೆ. ಅವರು ಹೇಳಿದ್ದು ಸರಿ. ಅಕ್ಷರ ಅಲ್ಲ, ಉಚ್ಚಾರ ಮುಖ್ಯ; ಎಸ್ ಶುರುವಾಗುವುದು ಸ್ವರದಿಂದ. ಬಿಡಿಸಿ ಷೆಡ್ಯೂಲ್ಡ್ ಕಾಸ್ಟ್ ಎಂದು ಬರೆದರೆ ಮತ್ತೆ 'ಎ'. ನಕ್ಕದ್ದು ಮರೆತಿಲ್ಲ, ನಿಯಮವೂ ಮರೆತಿಲ್ಲ.

ಈ ಪುಟ್ಟ ಪದಗಳ ಬೆಲೆ ಬಾಬಾಸಾಹೇಬರಿಗೆ ಗೊತ್ತಿತ್ತು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಕುಡಿದಾಗ, 'ಅವರ' ಕೆರೆಯೋ ಎಲ್ಲರ ಕೆರೆಯೋ ಎಂಬುದೇ ಜಗಳವಾಗಿತ್ತು. ಸಂವಿಧಾನದ 17ನೇ ವಿಧಿಯ ಇಂಗ್ಲಿಷ್ ಪಾಠದಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸುವಾಗ ರೂಪ ಎಂಬ ಪದದ ಮುಂದೆ 'ಎನಿ' ಇದೆ. ಅಲ್ಲಿ 'ಸಮ್' ಹಾಕಿ ಓದಿ ಕಾಣಿ. ಕೆಲವು ರೂಪ ನಿಷಿದ್ಧ, ಉಳಿದವು ಇರಲಿ ಎಂದಾಗುತ್ತದೆ. ಆ 'ಎನಿ' 1950ರಿಂದ ಇದ್ದರೂ ನಮ್ಮ ಕರಾವಳಿಯ ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಗೆ 2000ದಲ್ಲಿ ಬೇರೆಯೇ ಒಂದು ನಿಷೇಧ ಕಾಯ್ದೆ ತರಬೇಕಾಯಿತು.

ಪೇಪರು ಹಿಡಿದು ನಾವು ಶಾಲೆಗೆ ಹೋದೆವು. ಮೇಷ್ಟ್ರು ಕೆಟ್ಟವರಲ್ಲ. ಓದಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಹೇಳುವುದು ಸರಿ, ಆದರೆ ಕೀ ಆನ್ಸರಿನಲ್ಲಿ ಇಲ್ಲವಲ್ಲ" ಎಂದರು. ಅರ್ಧ ಮಾರ್ಕೂ ಸಿಗಲಿಲ್ಲ.

ಸಂಜೆ ಹುಡುಗಿ ಕೇಳಿದಳು: "ಎರಡೂ ಸರಿ ಅಂತ್ರಿ, ಮಾರ್ಕ್ ಎಂತಕೆ ಕೊಡ್ಲಿಲ್ಲ ಅಣ್ಣಾ?"

ಪರೀಕ್ಷೆಯಲ್ಲಿ 'ಎ', 'ದಿ' ಎಂದೇ ಬರೆ ಎಂದೆವು. ಅವಳಿಗೆ ಎಸ್ಸೆಸ್ಸೆಲ್ಸಿ ಆಗಬೇಕು, ಮುಂದೆ ಕಾಲೇಜು ಆಗಬೇಕು. ಹೇಳುವಾಗ ನಾವು ಅವಳ ಮುಖ ನೋಡಲಿಲ್ಲ. ಅವಳು 'ನೋ' ಅಳಿಸಲಿಲ್ಲ. ಅದರ ಪಕ್ಕದಲ್ಲಿ ಸಣ್ಣದಾಗಿ 'ಎ' ಬರೆದುಕೊಂಡು, ಮುಂದಿನ ಲೆಕ್ಕ ತೆಗೆದಳು.